ಕೂಡಲಸಂಗಮದ ಖಾನಾವಳಿಯಲ್ಲಿ ಗೋಧಿ ಇಲ್ಲದ ಊಟ

ರೊಟ್ಟಿ ಅಂದ ಕೂಡಲೇ ನಮ್ಮ ಕರಾವಳಿಯ ಮನೆಗಳಲ್ಲಿ ನೆನಪಾಗುವುದು ಅಕ್ಕಿ. ಪತ್ತಿರ್ ಆಗಲಿ, ಕೋಳಿ ಸಾರಿಗೆ ಮುರಿದು ಹಾಕುವ ಗರಿಗರಿ ರೊಟ್ಟಿಯಾಗಲಿ, ಎಲ್ಲ ಅಕ್ಕಿಯದ್ದೇ. ಘಟ್ಟ ಹತ್ತಿ ಹುಬ್ಬಳ್ಳಿ ದಾಟಿದರೆ ರೊಟ್ಟಿ ಅಂದರೆ ಜೋಳ. ಇನ್ನೂ ಮೇಲೆ ದಿಲ್ಲಿ ಕಡೆ ಹೋದರೆ ಗೋಧಿ. ಹೆಚ್ಚಿನವರಿಗೆ ಇದು ರುಚಿಯ ವಿಷಯ, ಅಷ್ಟೆ. ಆದರೆ ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಕಾಯಿಲೆ ಇದೆ ಎಂದಾದರೆ ತಟ್ಟೆಗೆ ಬಂದದ್ದು ಯಾವ ರೊಟ್ಟಿ, ಅದನ್ನು ಯಾವ ಹಂಚಿನ ಮೇಲೆ ಬೇಯಿಸಿದ್ದು ಎಂಬುದು ಆ ದಿನದ ಆರೋಗ್ಯದ ಪ್ರಶ್ನೆ.

ಈಗ ನಮ್ಮವರ ಪ್ರವಾಸ ಬೆಂಗಳೂರು, ಮೈಸೂರು, ಊಟಿಗೆ ಮುಗಿಯುವುದಿಲ್ಲ. ರಜೆ ಬಂತೆಂದರೆ ವಿಜಯಪುರದ ಗೋಳಗುಮ್ಮಟ, ಆಲಮಟ್ಟಿ ಅಣೆಕಟ್ಟು, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ ಎಂದು ಮಕ್ಕಳನ್ನು ಕರೆದುಕೊಂಡು ಹೋಗುವ ಮನೆಗಳು ಜಾಸ್ತಿಯಾಗಿವೆ. ಮಂಗಳೂರಿನಿಂದ ವಿಜಯಪುರಕ್ಕೆ ಹೋಗುವ ರೈಲು ಬಾದಾಮಿ, ಬಾಗಲಕೋಟೆ, ಆಲಮಟ್ಟಿ ಮೇಲೆಯೇ ಹೋಗ್ತದೆ. ರಸ್ತೆಯ ಸಂಬಂಧ ಇನ್ನೂ ಹಳೆಯದು. ಹಿಂದೆ 13ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಸೊಲ್ಲಾಪುರದಲ್ಲಿ ಹೊರಟು ವಿಜಯಪುರ, ಹುನಗುಂದ, ಇಳಕಲ್, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗ ದಾಟಿ ಬಂದು ಮುಗಿಯುತ್ತಿದ್ದದ್ದು ನಮ್ಮ ಮಂಗಳೂರಲ್ಲಿ. ಈಗ ನಂಬರ್ ಬದಲಾಗಿದೆ, ದಾರಿ ಅದೇ. ಕೂಡಲಸಂಗಮಕ್ಕೆ ತಿರುಗುವ ಕ್ರಾಸ್ ಸಿಗುವುದೂ ಅದೇ ದಾರಿಯಲ್ಲಿ.

ಕಳೆದ ಬೇಸಗೆ ರಜೆಯಲ್ಲಿ ನಾವು ಮೂರು ಮನೆಯವರು ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಆ ಕಡೆ ಹೋಗಿದ್ದೆವು. ಜೊತೆಗಿದ್ದವರಲ್ಲಿ ನಮ್ಮ ಮದ್ರಸದ ಐದನೇ ತರಗತಿಯ ಒಬ್ಬಳು ಹುಡುಗಿ. ಅವಳಿಗೆ ಸೀಲಿಯಾಕ್ ಎಂದು ಗೊತ್ತಾಗಿ ಎರಡು ವರ್ಷ ಆಗಿದೆ. ಅವಳ ಉಮ್ಮ ಹೊರಡುವ ಹಿಂದಿನ ದಿನದವರೆಗೂ "ನಾವು ಬರುವುದಿಲ್ಲ ಉಸ್ತಾದ್, ನೀವು ಹೋಗಿ ಬನ್ನಿ" ಎನ್ನುತ್ತಲೇ ಇದ್ದರು. ಕಾರಣ ಹಣ ಅಲ್ಲ, ಪ್ರಯಾಣದ ಆಯಾಸವೂ ಅಲ್ಲ. ನಾಲ್ಕು ದಿನ ಹೊರಗೆ ಆ ಮಗು ಏನು ತಿನ್ನುವುದು ಎಂಬ ಒಂದೇ ಹೆದರಿಕೆ. ಇಂಥ ಮನೆಗಳು ಮೊದಲು ಬಿಡುವುದು ಹೋಟೆಲು, ಆಮೇಲೆ ಮದುವೆ, ಕೊನೆಗೆ ಪ್ರವಾಸ. ಹೀಗೆ ಮಗುವಿನ ಲೋಕ ಅಡುಗೆಮನೆಯಷ್ಟೇ ಆಗಿಬಿಡ್ತದೆ. ಅದು ಹಾಗಾಗಬೇಕಾಗಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಕಾಯಿಲೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಇದರ ಹೆಸರು ಕೇಳಿದವರೇ ಕಡಿಮೆ. ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಉಂಟು. ರೈ ಅಂದರೆ ನಮ್ಮ ರಾಗಿ ಅಲ್ಲ, ಅದು ಯುರೋಪಿನ ಧಾನ್ಯ. ರಾಗಿಗೆ ಹೆದರಬೇಕಾಗಿಲ್ಲ. ಸೀಲಿಯಾಕ್ ಇದ್ದವರ ದೇಹ ಈ ಗ್ಲುಟೆನ್ ಒಳಗೆ ಹೋದ ಕೂಡಲೇ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡ್ತದೆ. ಕರುಳಿನ ಒಳಗೋಡೆಯಲ್ಲಿ ಆಹಾರದ ಸತ್ವ ಹೀರುವ ಸಣ್ಣ ಕುಚ್ಚುಗಳು ಸವೆದು ಹೋಗ್ತವೆ. ಕೆಲವರಿಗೆ ಭೇದಿ, ಹೊಟ್ಟೆಯುಬ್ಬರ. ಇನ್ನು ಕೆಲವರಿಗೆ ಹೊಟ್ಟೆಯ ತೊಂದರೆಯೇ ಕಾಣಿಸುವುದಿಲ್ಲ. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಏರದ ರಕ್ತ, ಬೆಳೆಯದ ಎತ್ತರ, ಪದೇ ಪದೇ ಬಾಯಿಹುಣ್ಣು, ಇಷ್ಟೇ. ನಮ್ಮ ಆ ಹುಡುಗಿ ತನಗಿಂತ ಎರಡು ವರ್ಷ ಚಿಕ್ಕ ತಮ್ಮನ ಭುಜದ ಮಟ್ಟಕ್ಕೆ ನಿಂತಾಗಲೇ ಮನೆಯವರಿಗೆ ಸಂಶಯ ಬಂದದ್ದು.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ನೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿಯ ರಕ್ತದಲ್ಲಿ ಈ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ಕಂಡುಬಂದರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ. ಕಡಿಮೆ ಇರುವುದು ಒಳ್ಳೆಯದೇ, ಆದರೆ ಕಡಿಮೆ ಇರುವುದರಿಂದಲೇ ಇಲ್ಲಿ ಯಾರಿಗೂ ಗೊತ್ತಿಲ್ಲ. ಸಂಶಯ ಇದ್ದವರು ಒಂದು ವಿಷಯ ನೆನಪಿಟ್ಟುಕೊಳ್ಳಬೇಕು: ಡಾಕ್ಟರನ್ನು ಕಾಣುವ ಮೊದಲೇ ಗೋಧಿ ಬಿಡಬಾರದು. ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ಮನೆಯಲ್ಲಿ ಒಬ್ಬರಿಗೆ ಇದೆ ಎಂದಾದರೆ ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇದಕ್ಕೆ ಇವತ್ತಿಗೂ ಗುಣಪಡಿಸುವ ಮಾತ್ರೆ ಇಲ್ಲ. ಔಷಧ ಒಂದೇ, ಬದುಕಿಡೀ ಗ್ಲುಟೆನ್ ಬಿಡುವುದು. ಇದನ್ನು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ಡಾಕ್ಟರ್ ವಿಲೆಮ್ ಡಿಕೆ. ಅವರಿಗೆ ಗೋಧಿಯ ಮೇಲೆ ಸಂಶಯ ಮೊದಲೇ ಇತ್ತು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ದೊಡ್ಡ ಬರ ಬಂದು ಬ್ರೆಡ್ಡೇ ಸಿಗದಂತಾಯಿತು. ಊರಿಗೆ ಊರೇ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು, ಬ್ರೆಡ್ ವಾಪಸ್ ಬಂದಾಗ ಮತ್ತೆ ಮಲಗಿದರು. 1950ರಲ್ಲಿ ಅವರು ಅದನ್ನು ಪ್ರಬಂಧವಾಗಿ ಬರೆದರು.

ಇನ್ನು ಊಟಕ್ಕೆ ಬರೋಣ.

ಕೂಡಲಸಂಗಮ ಇರುವುದು ಬಾಗಲಕೋಟೆ ಜಿಲ್ಲೆಯ ಹುನಗುಂದದ ಕಡೆ, ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಜಾಗ. ಹನ್ನೆರಡನೇ ಶತಮಾನದ ಬಸವಣ್ಣನವರ ಐಕ್ಯಸ್ಥಳ ಎಂದು ಪ್ರಸಿದ್ಧ. ನೀರಿನ ನಡುವೆ ಬಾವಿಯ ಹಾಗೆ ಕಟ್ಟಿದ ಮಂಟಪದೊಳಗೆ ಮೆಟ್ಟಿಲು ಇಳಿದು ಹೋಗುವುದು ಮಕ್ಕಳಿಗೆ ಭಾರೀ ಖುಷಿ. ಹೊರಗೆ ಬಂದರೆ ಮಧ್ಯಾಹ್ನದ ಬಿಸಿಲು ಮತ್ತು ಹಸಿವು. ಸುತ್ತಮುತ್ತ ಹೆಚ್ಚಿನವು ಸಸ್ಯಾಹಾರಿ ಖಾನಾವಳಿಗಳು. ಹಲಾಲಿನ ಸಂಶಯ ಇರುವ ಕಡೆ ನಮ್ಮವರು ಹೇಗೂ ಸಸ್ಯಾಹಾರಕ್ಕೇ ಹೋಗುವವರು, ಹಾಗಾಗಿ ಅಲ್ಲಿಗೇ ನುಗ್ಗಿದೆವು.

ಈ ಸೀಮೆಯ ಖಾನಾವಳಿ ಸೀಲಿಯಾಕ್ ಇದ್ದವರಿಗೆ ನಮ್ಮ ಕರಾವಳಿಯ ಯಾವ ಹೋಟೆಲಿಗಿಂತಲೂ ಹತ್ತಿರದ್ದು. ಜೋಳ, ಸಜ್ಜೆ, ನವಣೆ, ಇವು ಯಾವುದರಲ್ಲೂ ಗೋಧಿಯ ಆ ಪ್ರೋಟೀನ್ ಇಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಘೋಷಿಸಿದ ಮೇಲೆ ನಮ್ಮ ಪೇಟೆಗಳಲ್ಲಿ ಇವುಗಳಿಗೆ ಡಬಲ್ ರೇಟು. ಇಲ್ಲಿ ಅವೇ ದಿನದ ಊಟ. ಬಾದಾಮಿ ಹತ್ತಿರ ಬನಶಂಕರಿಯಲ್ಲಿ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಪಲ್ಯ, ಗಡಿಗೆ ಮೊಸರು ಇಟ್ಟುಕೊಂಡು ಬಂದು ಮರದ ನೆರಳಲ್ಲೇ ಬಡಿಸ್ತಾರೆ. ಅಂಥ ಬುಟ್ಟಿಯಲ್ಲಿ ಚಪಾತಿ ಇಲ್ಲದಿದ್ದರೆ ಅದಕ್ಕಿಂತ ನೆಮ್ಮದಿಯ ಊಟ ಬೇರೆ ಇಲ್ಲ.

ಜೋಳದ ರೊಟ್ಟಿ ಮಾಡುವುದನ್ನು ನೋಡಿದವರಿಗೆ ಗ್ಲುಟೆನ್ ಅಂದರೆ ಏನು ಎಂದು ಯಾವ ಪುಸ್ತಕವೂ ಬೇಡ. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಎಳೆದಷ್ಟೂ ಬರುವ ಒಂದು ಅಂಟು ಬರ್ತದಲ್ಲ, ಅದೇ ಗ್ಲುಟೆನ್. ಜೋಳದಲ್ಲಿ ಆ ಅಂಟು ಇಲ್ಲ. ಅದಕ್ಕೇ ಬಿಸಿನೀರು ಹಾಕಿ, ಅಂಗೈಯಲ್ಲಿ ತಿಕ್ಕಿ ತಿಕ್ಕಿ ನಾದಿ, ಒಣ ಹಿಟ್ಟು ಉದುರಿಸಿ ಕೈಯಲ್ಲಿ ಬಡಿದು ದೊಡ್ಡದು ಮಾಡಬೇಕು. ಲಟ್ಟಣಿಗೆ ಹಿಡಿದರೆ ಅಂಚು ಸೀಳ್ತದೆ. ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಲ್ಲಿ ಸವರಿ ತಿರುವಿ ಹಾಕ್ತಾರೆ. ಇಷ್ಟು ಕಷ್ಟದ ಕೆಲಸ ಬಂದವರು ಈಗ ಕಡಿಮೆ. ಹಾಗಾಗಿ ಕೆಲವು ಕಡೆ ರೊಟ್ಟಿ ಸೀಳಬಾರದು, ಬೇಗ ಆಗಬೇಕು, ಲಟ್ಟಿಸಲು ಬರಬೇಕು ಎಂದು ಒಂದು ಹಿಡಿ ಗೋಧಿ ಹಿಟ್ಟೋ ಮೈದಾವೋ ಸೇರಿಸುವುದುಂಟು. ತಿನ್ನುವವರಿಗೆ ಗೊತ್ತೂ ಆಗುವುದಿಲ್ಲ, ಅದು ಮೋಸ ಅಂತ ಅವರಿಗೂ ಅನಿಸುವುದಿಲ್ಲ. ಚೂರು ಅಂಚು ಸೀಳಿದ ರೊಟ್ಟಿ ಕಂಡರೆ ನಮಗೆ ಸಮಾಧಾನ. ನೀಟಾಗಿ ಲಟ್ಟಿಸಿ ಕರವಸ್ತ್ರದ ಹಾಗೆ ಮಡಚಲು ಬರುವ ರೊಟ್ಟಿ ಕಂಡರೆ ಕೇಳುವುದು ಒಳ್ಳೆಯದು. ಕೈ ಪಳಗಿದವರು ಬರೇ ಜೋಳದಲ್ಲೂ ಹಾಗೆ ಮಾಡಬಲ್ಲರು, ಆದರೂ ಕೇಳಬೇಕು.

ನಾವು ಕೇಳಿದೆವು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿ ತಲೆ ಎತ್ತಿ ನಕ್ಕರು. "ಇಲ್ರೀ ಸರ, ಬರೇ ಜ್ವಾಳ. ಗೋದಿ ಹಾಕಿದ್ರ ಅದು ರೊಟ್ಟಿ ಹೆಂಗ ಆಕ್ಕೈತ್ರೀ?"

ಇಲ್ಲಿಗೆ ಸಮಾಧಾನಪಟ್ಟು ಕುಳಿತುಕೊಳ್ಳುವವರೇ ಹೆಚ್ಚು. ಆದರೆ ಹುಡುಗಿಯ ಉಮ್ಮ ಇನ್ನೊಂದು ಪ್ರಶ್ನೆ ಕೇಳಿದರು. "ಚಪಾತಿ ಯಾವುದರಲ್ಲಿ ಬೇಯಿಸ್ತೀರಿ ಅಕ್ಕಾ?"

"ಇದ ಹಂಚಿನ್ಯಾಗ್ರೀ. ಬ್ಯಾರೆ ಎಲ್ಲೈತ್ರೀ?"

ಇಡೀ ವಿಷಯ ಇರುವುದೇ ಈ ಎರಡನೇ ಪ್ರಶ್ನೆಯಲ್ಲಿ. ರೊಟ್ಟಿ ಜೋಳದ್ದೇ, ಹೇಳಿದವರು ಸತ್ಯವನ್ನೇ ಹೇಳಿದ್ದಾರೆ. ಆದರೂ ಚಪಾತಿ ಬೆಂದ ಹಂಚಿನ ಮೇಲೆ ಉಳಿದ ಸುಟ್ಟ ಗೋಧಿ ಪುಡಿ, ಚಪಾತಿ ಹಿಟ್ಟು ಕಲಸಿದ ಪರಾತ, ಗೋಧಿ ಹಿಟ್ಟು ಮೆತ್ತಿದ ಕೈ, ಇಷ್ಟು ಸಾಕು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಹೊಟ್ಟೆಗೆ ಹೋದರೂ ಕರುಳಿಗೆ ಹಾನಿಯಾಗುತ್ತದೆ ಎಂದು ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ. ಬ್ರೆಡ್ಡಿನ ಒಂದು ತುಂಡಿನಲ್ಲೇ ಎರಡು ಗ್ರಾಂ ಆಸುಪಾಸು ಇರ್ತದೆ, ಅಂದರೆ ಅದರ ನಲವತ್ತರಲ್ಲಿ ಒಂದು ಪಾಲು. ಬೆಂಕಿಗೆ ಹಾಕಿದರೆ ರೋಗಾಣು ಸಾಯಬಹುದು, ಗ್ಲುಟೆನ್ ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಸೋಪು ನೀರು ಹಾಕಿ ತಿಕ್ಕಿ ತೊಳೆದರೆ ಮಾತ್ರ ಪಾತ್ರೆಯಿಂದ ಹೋಗ್ತದೆ.

ಆ ತಾಯಿಗೆ ಗ್ಲುಟೆನ್ ಎಂಬ ಪದ ಹೇಳಿ ಪ್ರಯೋಜನ ಇರಲಿಲ್ಲ. "ಈ ಮಗುವಿಗೆ ಗೋಧಿ ಆಗುವುದಿಲ್ಲ, ಒಂದು ಚೂರು ಹೋದರೂ ಕರುಳಿಗೆ ತೊಂದರೆ" ಎಂದೆವು. ಅವರು ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು. "ಕೂಸಿಗೆ ಬ್ಯಾನಿ ಐತೇನ್ರೀ? ಮೊದಲ ಹೇಳಬೇಕಿಲ್ಲೋ!" ಎಂದವರೇ ಎದ್ದು ಕೈ ತೊಳೆದುಕೊಂಡರು. ಹಂಚು ಇಳಿಸಿ, ಬೂದಿ ಸೋಪು ಹಾಕಿ ಉಜ್ಜಿಸಿದರು. ಉದುರಿಸಲು ಇಟ್ಟಿದ್ದ ಹಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಚೀಲದಿಂದ ಹೊಸ ಹಿಟ್ಟು ತೆಗೆದರು. "ಇವತ್ತ ಗದ್ಲ ಐತಿ, ತಡಾ ಆಕ್ಕೈತಿ. ನಾಳಿ ಮುಂಜಾನೆ ಇರ್ತೀರೇನು? ಮೊದಲ ಇಕಿ ರೊಟ್ಟಿ ಬಡೀತೀನಿ, ಆಮ್ಯಾಲ ಚಪಾತಿ" ಎಂದರು. ನಾವು ಅಲ್ಲೇ ರೂಮು ಮಾಡಿದ್ದರಿಂದ ಮರುದಿನವೂ ಹೋದೆವು. ಹೇಳಿದ ಹಾಗೆಯೇ ನಡೆದುಕೊಂಡರು.

ಎಲ್ಲ ಕಡೆ ಇಂಥವರು ಸಿಗುತ್ತಾರೆ ಎಂದು ಹೇಳಲಾರೆವು. ಅದೇ ಪ್ರವಾಸದಲ್ಲಿ ಇನ್ನೊಂದು ಊರಿನ ಹೋಟೆಲಿನಲ್ಲಿ ಕೌಂಟರಿನವರು "ಏನೂ ಆಗಲ್ಲ ಸರ್, ತಿನ್ಸಿ" ಎಂದು ಮುಖ ಕೂಡ ನೋಡದೆ ಹೇಳಿದರು. ಅಲ್ಲಿಂದ ಎದ್ದು ಬಂದೆವು. ಎದ್ದು ಬರಲು ನಾಚಿಕೆಪಡಬಾರದು. ಉತ್ತರ ಅವಸರದ್ದಾದರೆ, ಕೇಳಿದ ಪ್ರಶ್ನೆ ಅಡುಗೆಮನೆಗೆ ತಲುಪದೆ ಮೇಜಿನಲ್ಲೇ ಉತ್ತರ ಬಂದರೆ, ಅಲ್ಲಿ ಬಾಳೆಹಣ್ಣು ಮತ್ತು ಎಳನೀರು ಸಾಕು.

ನಿಜ ಹೇಳಬೇಕೆಂದರೆ ಈ ರೀತಿ ಕೇಳುವುದರಲ್ಲಿ ನಮ್ಮವರಿಗೆ ಅಭ್ಯಾಸ ಇಲ್ಲದ್ದೇನಿಲ್ಲ. ಹೊರ ಊರಿನ ಹೋಟೆಲಿಗೆ ಹೋದರೆ ಮಾಂಸ ಎಲ್ಲಿಂದ, ಯಾರು ಕೊಯ್ದದ್ದು, ಎಣ್ಣೆ ಯಾವುದು, ಅದೇ ಸೌಟಿನಲ್ಲಿ ಬೇರೇನಾದರೂ ಬಡಿಸುತ್ತಾರಾ ಎಂದೆಲ್ಲ ಕೇಳುವ ಜನ ನಾವು. ಸೌಟು, ಬಾಣಲೆ, ಎಣ್ಣೆ ಬೇರೆ ಇರಬೇಕು ಎಂಬ ತಿಳಿವಳಿಕೆ ಮಕ್ಕಳಿಗೂ ಉಂಟು. ಅದೇ ಪ್ರಶ್ನೆಗಳನ್ನು ಗೋಧಿಗೆ ತಿರುಗಿಸಿದರೆ ಆಯಿತು. ಹಲಾಲ್ ಜೊತೆಗೆ ತಯ್ಯಿಬ್ ಎಂಬ ಮಾತನ್ನೂ ಮದ್ರಸದಲ್ಲಿ ಕಲಿಸುತ್ತೇವೆ, ದೇಹಕ್ಕೆ ಒಳ್ಳೆಯದಾಗಿರಬೇಕು ಎಂದು. ಒಬ್ಬರಿಗೆ ತಯ್ಯಿಬ್ ಆದದ್ದು ಇನ್ನೊಬ್ಬರ ಕರುಳಿಗೆ ಹಾಗಿರಬೇಕೆಂದಿಲ್ಲ. ಜ್ವರಕ್ಕೂ ಸೆಕೆಗೂ ಬಾರ್ಲಿ ನೀರು ಕುಡಿಸುವವರು, ಬರ್ಕತ್ತಿಗೆ ಎಂದು ತಲ್ಬೀನಾ ಮಾಡಿ ಕೊಡುವವರು ಇದನ್ನು ಗಮನಿಸಬೇಕು. ಬಾರ್ಲಿಯೂ ಈ ಮಕ್ಕಳಿಗೆ ಗೋಧಿಯಷ್ಟೇ ತೊಂದರೆ.

ರೊಟ್ಟಿ ಆಯಿತು, ಅದರ ಜೊತೆಗಿನದ್ದು? ಎಣ್ಣೆಗಾಯಿ ಬದನೆ, ಪುಂಡಿ ಪಲ್ಯ, ಮಡಕೆ ಕಾಳು, ಹೆಸರುಕಾಳು, ಕಡಲೆ ಹಿಟ್ಟಿನ ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮೊಸರು. ಇವುಗಳ ಹುಟ್ಟಿನಲ್ಲಿ ಗೋಧಿ ಇಲ್ಲ. ಒಳಗೆ ನುಸುಳುವ ಕಳ್ಳ ಬೇರೆ, ಇಂಗು. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಇಂಗಿನ ಪುಡಿ ಬರೇ ಇಂಗಲ್ಲ, ಗೋಂದು ಮತ್ತು ಹಿಟ್ಟು ಸೇರಿಸಿ ಮಾಡಿದ್ದು. ಆ ಹಿಟ್ಟು ಹೆಚ್ಚಾಗಿ ಗೋಧಿ ಅಥವಾ ಮೈದಾ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ಮನೆಯಲ್ಲಿರುವುದನ್ನು ಇವತ್ತೇ ತಿರುಗಿಸಿ ನೋಡಿ. ಅಕ್ಕಿ ಹಿಟ್ಟಿನಲ್ಲಿ ಮಾಡಿದ ಇಂಗೂ ಸಿಗುತ್ತದೆ. ಖಾನಾವಳಿಯಲ್ಲಿ ಸಾರು, ಸಾಂಬಾರಿನ ಒಗ್ಗರಣೆಗೆ ಇಂಗು ಬೀಳುವುದು ಸಾಮಾನ್ಯ. ಹಾಗಾಗಿ ನಮ್ಮ ಹುಡುಗಿ ಸಾರು ಬಿಟ್ಟು ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ, ಮೊಸರಿನಲ್ಲೇ ಊಟ ಮುಗಿಸಿದಳು. ಮೊಸರು ಕೂಡ ಬೇರೆ ಚಮಚದಲ್ಲಿ.

ಬೆಳಗಿನ ತಿಂಡಿ ಇನ್ನೂ ಜಾರುವ ನೆಲ. ಉಪ್ಪಿಟ್ಟು, ಶಿರಾ, ರವೆ ಇಡ್ಲಿ, ರವೆ ದೋಸೆ, ಪೂರಿ, ಎಲ್ಲ ಗೋಧಿಯ ಸಂತಾನ. ರವೆ ಅಂದರೆ ಗೋಧಿ ಎಂದು ಎಷ್ಟೋ ಮಂದಿಗೆ ಹೊಳೆಯುವುದೇ ಇಲ್ಲ. ಅಕ್ಕಿ, ಉದ್ದಿನ ಇಡ್ಲಿ ಸರಿ. ದೋಸೆ ಕೂಡ ಸರಿ, ಆದರೆ ಹಿಟ್ಟಿಗೆ ಮೈದಾ ಸೇರಿಸಿಲ್ಲವೆಂದೂ ಅದೇ ಕಾವಲಿಯಲ್ಲಿ ರವೆ ದೋಸೆ ಹುಯ್ದಿಲ್ಲವೆಂದೂ ಗೊತ್ತಾಗಬೇಕು. ಚುರುಮುರಿಯ ಸೂಸಲಾ, ಗಿರಮಿಟ್ ಎರಡೂ ಮಂಡಕ್ಕಿಯವು. ಗಿರಮಿಟ್ ಮೇಲೆ ಸೇವು ಉದುರಿಸುವ ಮೊದಲು ತಡೆಯಬೇಕು. ಮಿರ್ಚಿ ಬಜ್ಜಿ ಕಡಲೆ ಹಿಟ್ಟಿನದ್ದೇ, ಆದರೆ ಅದೇ ಎಣ್ಣೆಯಲ್ಲಿ ಪೂರಿಯೂ ಸಮೋಸವೂ ಕರಿದಿದ್ದರೆ ಬೇಡ. ಸಿಹಿಯಲ್ಲಿ ಗೋಧಿ ಹುಗ್ಗಿ, ಮಾದಲಿ, ಶೇಂಗಾ ಹೋಳಿಗೆ ಮೂರೂ ಬಿಡಬೇಕಾದವು. ಈ ಊಟದಲ್ಲಿ ಅತ್ಯಂತ ರುಚಿಯಾದವು ಇವೇ ಮೂರು ಎಂಬುದು ಬೇಸರದ ವಿಷಯ. ಬದಲಿಗೆ ಹುನಗುಂದದ ಕಡೆಯದ್ದೇ ಅಮೀನಗಡದ ಕರದಂಟು ಉಂಟು. ಬೆಲ್ಲ, ಅಂಟು, ಒಣಹಣ್ಣು, ಕೊಬ್ಬರಿಯದ್ದು. ಪ್ಯಾಕೆಟಿನ ಮೇಲೆ ಬರೆದ ಸಾಮಾನು ಓದಿ ತೆಗೆದುಕೊಳ್ಳಬೇಕು. ಇಲ್ಲಿ ಅಂಟು ಅಂದರೆ ಮರದ ಗೋಂದು, ಗೋಧಿಯ ಅಂಟಲ್ಲ.

ದೇವಸ್ಥಾನದ ದಾಸೋಹದಲ್ಲಿ ಬಂದವರಿಗೆಲ್ಲ ಊಟ ಇದೆ. ಜಾತಿ ಕೇಳುವವರಿಲ್ಲ, ಬನ್ನಿ ಕೂತುಕೊಳ್ಳಿ ಎಂದು ಕರೀತಾರೆ. ಅಷ್ಟು ಪ್ರೀತಿಯಿಂದ ಬಡಿಸುವ ಜಾಗದಲ್ಲಿ "ಇದು ಬೇಡ" ಎಂದು ಹೇಳುವುದು ಹೋಟೆಲಿಗಿಂತ ಕಷ್ಟ. ಹೋಟೆಲಿನಲ್ಲಿ ದುಡ್ಡು ಕೊಡುವವರು ನಾವು, ಇಲ್ಲಿ ಕೊಡುವವರು ಅವರು. ಪಂಕ್ತಿಯಲ್ಲಿ ಒಂದರ ಹಿಂದೆ ಒಂದು ಬಕೆಟ್ ಬರ್ತದೆ, ವಿವರಿಸುತ್ತಾ ಕೂರಲು ಪುರುಸೊತ್ತೂ ಇಲ್ಲ. ಬರೇ ಅನ್ನ ಹಾಕಿಸಿಕೊಂಡು, ಎಲೆಗೆ ಅಡ್ಡ ಕೈ ಹಿಡಿದು, "ಡಾಕ್ಟರ್ ಬೇಡ ಎಂದಿದ್ದಾರೆ" ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ. "ಪಥ್ಯ" ಎಂದು ಮಾತ್ರ ಹೇಳಬಾರದು. ಪಥ್ಯ ಎಂದರೆ ಸ್ವಲ್ಪ ತಿಂದರೆ ಆಗ್ತದೆ ಎಂದೇ ನಮ್ಮ ಜನರ ಲೆಕ್ಕ.

ಬಾಗಲಕೋಟೆ, ಇಳಕಲ್, ವಿಜಯಪುರ ಕಡೆ ಮುಸ್ಲಿಂ ಹೋಟೆಲುಗಳೂ ಬೇಕಾದಷ್ಟು. ಅಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಹಲೀಮ್ ನೋಡಿದ ಕೂಡಲೇ ಮಾಂಸ ಅನ್ನಿಸಿದರೂ ಅದರ ಅರ್ಧ ಜೀವ ಕುಟ್ಟಿದ ಗೋಧಿ. ಕಬಾಬಿಗೆ ಮೈದಾ ಮೆತ್ತಿರ್ತಾರೆ. ಗೋಬಿ ಮಂಚೂರಿ, ಫ್ರೈಡ್ ರೈಸ್ ಅನ್ನವೇ ಅಲ್ಲವಾ ಎನ್ನುವವರು ಅದಕ್ಕೆ ಬೀಳುವ ಸೋಯಾ ಸಾಸ್ ನೋಡಬೇಕು, ಅದು ಹೆಚ್ಚಾಗಿ ಗೋಧಿ ಸೇರಿಸಿಯೇ ಹುದುಗಿಸಿದ್ದು. ಶೇರ್ವಾ ದಪ್ಪ ಬರಲು ಏನು ಹಾಕಿದ್ದಾರೆ ಎಂದು ಕೇಳಬೇಕು. ಬಿರಿಯಾನಿಯಲ್ಲಿ ಏನಿದೆ, ಅಕ್ಕಿ ಮತ್ತು ಮಾಂಸ ತಾನೇ? ದಮ್ ಹಾಕುವಾಗ ಹಂಡೆಯ ಬಾಯಿಗೂ ಮುಚ್ಚಳಕ್ಕೂ ನಡುವೆ ಹಬೆ ಹೋಗದ ಹಾಗೆ ಸುತ್ತ ಮೆತ್ತುವುದು ಕಲಸಿದ ಗೋಧಿ ಅಥವಾ ಮೈದಾ ಹಿಟ್ಟು. ಬೆಂದ ಮೇಲೆ ಅದನ್ನು ಕಿತ್ತು ತೆಗೆಯುವಾಗ ತುಂಡು ತುಂಡಾಗಿ ಅನ್ನದ ಮೇಲೆಯೇ ಉದುರುತ್ತದೆ. ಈ ಹಿಟ್ಟಿನ ವಿಷಯ ನಮ್ಮ ಮದುವೆ ಮನೆಗಳಿಗೂ ಅನ್ವಯ. ಅಡುಗೆಯವರಿಗೆ ಮೊದಲೇ ಹೇಳಿದರೆ ಒಂದು ಸಣ್ಣ ಪಾತ್ರೆಯಲ್ಲಿ ಬೇರೆ ದಮ್ ಹಾಕಿ, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಕಟ್ಟಿ ಕೊಡಬಹುದು. ಅದೇನೂ ದೊಡ್ಡ ಕೆಲಸ ಅಲ್ಲ. ಈ ಹೋಟೆಲುಗಳಲ್ಲಿ ಉರ್ದುವಿನಲ್ಲಿ ಗೇಹೂ, ಮೈದಾ, ಸೂಜಿ ಎಂದರೆ ಬೇಗ ತಿಳಿಯುತ್ತದೆ. ಸೂಜಿ ಎಂದರೆ ರವೆ.

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳುತ್ತಾರೆ. ನಮ್ಮ ದೇಶದಲ್ಲಿ ಪ್ಯಾಕೆಟಿನ ಮೇಲೆ ಗ್ಲುಟೆನ್ ಇಲ್ಲ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು. ಗೋಧಿಯಂಥ ಧಾನ್ಯ ಸೇರಿದ್ದರೆ ಅದನ್ನು ಲೇಬಲ್ಲಿನಲ್ಲಿ ಹೇಳಬೇಕು. 2020ರ ಲೇಬಲ್ ನಿಯಮದ ಪ್ರಕಾರ ಹತ್ತು ಅಥವಾ ಹೆಚ್ಚು ಶಾಖೆ ಇರುವ ಹೋಟೆಲುಗಳು ಇಂಥ ಮಾಹಿತಿ ಕೊಡಬೇಕು. ಆದರೆ ಹಳ್ಳಿಯ ಒಂದು ಖಾನಾವಳಿಗೆ ಆ ನಿಯಮ ಮುಟ್ಟುವುದಿಲ್ಲ. ಅಲ್ಲಿ ನಮ್ಮ ಬಾಯಿಯೇ ಲೇಬಲ್ ಓದುವ ಕನ್ನಡಕ.

ಅದಕ್ಕೇ ನಾವು ಹುಡುಗಿಗೆ ಒಂದು ಚೀಟಿ ಬರೆದುಕೊಟ್ಟೆವು, ಲ್ಯಾಮಿನೇಷನ್ ಮಾಡಿಸಿ ಅವಳ ಬ್ಯಾಗಿನಲ್ಲಿ ಇಟ್ಟೆವು. ಬೇಕಾದವರು ಹಾಗೆಯೇ ಬರೆದುಕೊಳ್ಳಬಹುದು: "ಈ ಮಗುವಿಗೆ ಗೋಧಿ, ಮೈದಾ, ರವೆ, ಬಾರ್ಲಿ ಒಂದು ಚೂರೂ ಆಗುವುದಿಲ್ಲ. ತಿಂದರೆ ಕಾಯಿಲೆ ಬೀಳುತ್ತಾಳೆ. ಜೋಳ, ಸಜ್ಜೆ, ಅಕ್ಕಿ, ರಾಗಿ ಆಗುತ್ತದೆ. ದಯವಿಟ್ಟು ಹಂಚು, ಪಾತ್ರೆ, ಸೌಟು ತೊಳೆದು ಬೇರೆ ಮಾಡಿ ಕೊಡಿ. ಇಂಗಿನ ಪುಡಿ ಹಾಕಬೇಡಿ. ಆಗದಿದ್ದರೆ ಆಗುವುದಿಲ್ಲ ಎಂದು ಹೇಳಿ, ನಮಗೆ ಬೇಸರವಿಲ್ಲ." ಕೊನೆಯ ವಾಕ್ಯ ಮುಖ್ಯ. ಆಗುವುದಿಲ್ಲ ಎನ್ನಲು ದಾರಿ ಬಿಟ್ಟುಕೊಟ್ಟರೆ ಜನ ಸುಳ್ಳು ಹೇಳುವುದಿಲ್ಲ. ಚೀಟಿಯನ್ನು ಸಪ್ಲೈಯರ್ ಕೈಗೆ ಕೊಡದೆ ಸಾಧ್ಯವಾದರೆ ಒಲೆಯ ಹತ್ತಿರ ಇರುವವರಿಗೇ ತೋರಿಸಬೇಕು. ಹನ್ನೆರಡು ಗಂಟೆಯ ಒಳಗೆ, ರಶ್ ಶುರುವಾಗುವ ಮೊದಲೇ ಹೋಗಬೇಕು. ಬೆಳಗಿನ ಮೊದಲ ರೊಟ್ಟಿಗಳು ಎಲ್ಲಕ್ಕಿಂತ ಶುದ್ಧ, ಯಾಕೆಂದರೆ ಹಂಚಿಗೆ ಇನ್ನೂ ಚಪಾತಿ ಬಿದ್ದಿರುವುದಿಲ್ಲ.

ಇಷ್ಟೆಲ್ಲ ಕೇಳಿದರೂ ಒಂದು ಸಂಶಯ ಉಳಿಯುತ್ತದೆ, ಅದು ಗಿರಣಿಯದ್ದು. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ಮೊದಲ ಒಂದೆರಡು ಸೇರು ಹಿಟ್ಟಿನಲ್ಲಿ ಗೋಧಿ ಇದ್ದೇ ಇರ್ತದೆ. ಎರಡಕ್ಕೂ ಬೇರೆ ಬೇರೆ ಯಂತ್ರ ಇಟ್ಟ ಗಿರಣಿಯಾದರೆ ಒಳ್ಳೆಯದು. ಖಾನಾವಳಿಯವರಿಗೆ ಅದು ಗೊತ್ತಿರ್ತದೆ, ಕೇಳಿದರೆ ಹೇಳ್ತಾರೆ. ಕಾಯಿಲೆ ಹೊಸದಾಗಿ ಪತ್ತೆಯಾದವರು, ಕರುಳು ಇನ್ನೂ ಗುಣವಾಗುತ್ತಿರುವವರು ಹೊರಗಿನ ಊಟ ಕೆಲವು ತಿಂಗಳು ಬಿಡುವುದೇ ಸರಿ, ಎಷ್ಟು ಸಮಯ ಎಂದು ಡಾಕ್ಟರನ್ನು ಕೇಳಿ.

ಗೊತ್ತಿಲ್ಲದೆ ಗೋಧಿ ಹೊಟ್ಟೆಗೆ ಹೋಯಿತು ಎಂದಾದರೆ ವಾಂತಿ ಮಾಡಿಸುವುದು, ಬೇರೆ ಮದ್ದು ಕೊಡುವುದು ಬೇಡ. ನೀರು, ಓಆರ್‌ಎಸ್, ಗಂಜಿ ಕೊಟ್ಟು ವಿಶ್ರಾಂತಿ ಮಾಡಿಸಿ. ವಾಂತಿ, ಭೇದಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಏನೂ ಆಗದಂತೆ ಕಂಡರೂ "ನೋಡಿ, ತಿಂದಳು, ಏನಾಯ್ತು?" ಎನ್ನುವ ದೊಡ್ಡವರು ನಮ್ಮ ಎಲ್ಲ ಮನೆಗಳಲ್ಲೂ ಇದ್ದಾರೆ. ಕರುಳಿನ ಗಾಯ ಕಣ್ಣಿಗೆ ಕಾಣುವುದಿಲ್ಲ. ಆ ಹುಡುಗಿ ಒಂದು ಸಲ ನಮ್ಮ ಹತ್ತಿರ ಮೆಲ್ಲಗೆ ಹೇಳಿದ್ದಳು, ನೆಂಟರ ಮನೆಯಲ್ಲಿ ಅಜ್ಜಿ ಬೇಸರ ಮಾಡಿಕೊಳ್ಳಬಾರದು ಎಂದು ಸಮೋಸ ತಿಂದೆ ಉಸ್ತಾದ್, ರಾತ್ರಿಯಿಡೀ ಹೊಟ್ಟೆ ನೋವು, ಆದರೆ ಉಮ್ಮನಿಗೆ ಹೇಳಲಿಲ್ಲ ಎಂದು. ಹತ್ತು ವರ್ಷದ ಮಗು ದೊಡ್ಡವರ ಮನಸ್ಸು ಉಳಿಸಲು ತನ್ನ ಹೊಟ್ಟೆ ಕೊಡುವುದು ಬೇಡ. ಕೂಡಲಸಂಗಮದಲ್ಲಿ ಗುರುತಿಲ್ಲದ ಒಬ್ಬ ತಾಯಿ ಹಂಚು ಇಳಿಸಿ ತೊಳೆದದ್ದು ಐದು ನಿಮಿಷದ ಕೆಲಸ.

ವಾಪಸ್ ಬರುವಾಗ ಅವಳ ಉಮ್ಮ ಅದೇ ಖಾನಾವಳಿಯಿಂದ ಐವತ್ತು ಖಡಕ್ ರೊಟ್ಟಿ ಕಟ್ಟಿಸಿಕೊಂಡರು. ಒಣಗಿಸಿದ ಜೋಳದ ರೊಟ್ಟಿ ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರ್ತದೆ, ಬಿಸಿಸಾರಿಗೆ ಮುರಿದು ಹಾಕಿದರೆ ನಮ್ಮ ಕೋಳಿ ಸಾರಿಗೂ ಆಗ್ತದೆ. ನೆಂಟರ ಮನೆಗೆ, ಮದುವೆಗೆ, ರಮಳಾನಿನ ಇಫ್ತಾರ್ ಕೂಟಕ್ಕೆ ಹೋಗುವಾಗ ಈಗ ಹುಡುಗಿಯ ಬ್ಯಾಗಿನಲ್ಲಿ ಚೀಟಿಯ ಜೊತೆ ನಾಲ್ಕು ರೊಟ್ಟಿ ಇರುತ್ತದೆ. ಉಳಿದ ಮಕ್ಕಳು ಅದನ್ನು ಕಸಿದು ತಿನ್ನುತ್ತಾರೆ ಎಂಬುದೇ ಈಗ ಅವಳ ದೂರು.